ಬ್ಯಾಟರಿ ಗಾಡಿ ಕಟ್ಟುವ ಮೊದಲು ಚಾರ್ಜಿನ ಲೆಕ್ಕ ಹಾಕಿ

ಹಳೇ ಆಟೋದ ಚಾಸಿ, ಇ-ರಿಕ್ಷಾದ ಹಿಂದಿನ ಎಕ್ಸೆಲ್, ಒಂದು ಮೋಟರು, ಒಂದು ಕಂಟ್ರೋಲರು, ನಾಲ್ಕು ಬ್ಯಾಟರಿ. ಇಷ್ಟು ಸಿಕ್ಕರೆ ವೆಲ್ಡಿಂಗ್ ಬಲ್ಲ ಹುಡುಗರು ಹದಿನೈದು ದಿನದೊಳಗೆ ನಾಲ್ಕು ಗಾಲಿಯ ಗಾಡಿ ನಿಲ್ಲಿಸುತ್ತಾರೆ. ಅದನ್ನು ಕಾರು ಅನ್ನಿ, ಜೀಪು ಅನ್ನಿ, ನಮ್ಮ ಮನೆಯಲ್ಲಿ ಅದಕ್ಕೆ ಬ್ಯಾಟರಿ ಗಾಡಿ ಎಂದೇ ಹೆಸರು. ಮೊಬೈಲಿನಲ್ಲಿ ವಿಡಿಯೋ ನೋಡಿ ಕಟ್ಟಿದವರೂ ಇದ್ದಾರೆ. ಆ ವಿಡಿಯೋಗಳಲ್ಲಿ ಗಾಡಿ ಓಡುವುದನ್ನು ತೋರಿಸುತ್ತಾರೆ. ಒಂದು ವರ್ಷ ಕಳೆದ ಮೇಲೆ ಬ್ಯಾಟರಿ ಏನಾಯಿತು, ಅದಕ್ಕೆ ಕರೆಂಟ್ ಎಲ್ಲಿಂದ ತಂದರು ಎಂಬುದನ್ನು ತೋರಿಸುವುದಿಲ್ಲ. ನಾನು ಬರೆಯಲು ಕೂತದ್ದು ಅದನ್ನೇ.

ಹಟ್ಟಿಯ ಹತ್ತಿರ ನಮ್ಮದು ಮಳೆ ನಂಬಿದ ಬೇಸಾಯ. ತೊಗರಿ, ಸಜ್ಜೆ, ಸ್ವಲ್ಪ ಹತ್ತಿ. ಹೊಲ ಊರಿನಿಂದ 4 ಕಿ.ಮೀ. ನನ್ನ ಅಕ್ಕನ ಮಗ ಇಂಥದೊಂದು ಗಾಡಿ ಕಟ್ಟಿ ನಾಲ್ಕು ವರ್ಷ ಆಯಿತು. ಮೇವು, ಗೊಬ್ಬರದ ಚೀಲ, ಎಣ್ಣೆ ಹೊಡೆಯುವ ನೀರಿನ ಡ್ರಮ್ಮು, ಹತ್ತಿ ಬಿಡಿಸುವ ಹೆಣ್ಣಾಳು, ಎಲ್ಲ ಅದರಲ್ಲೇ ಹೋಗಿ ಬರುತ್ತವೆ. ಗಾಡಿಯ ಚಾರ್ಜರಿಗೆ ಬೇರೆ ಒಂದು ಸಣ್ಣ ಮೀಟರ್ ಕೂಡಿಸಿ, ಎಷ್ಟು ಯೂನಿಟ್ ಹೋಯಿತು, ಎಷ್ಟು ದೂರ ಓಡಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದಿದ್ದೇವೆ. ಮುಂದೆ ನಮ್ಮ ಗಾಡಿಯ ಅಂಕಿ ಅಂತ ಹೇಳಿದ್ದೆಲ್ಲ ಆ ನೋಟ್‌ಬುಕ್ಕಿನದು.

ಕೊಡದಲ್ಲಿ ನೀರೆಷ್ಟು?

ಬ್ಯಾಟರಿಯ ಮೇಲೆ ಎರಡು ಅಂಕಿ ಇರುತ್ತವೆ, ವೋಲ್ಟ್ ಮತ್ತು ಎ.ಎಚ್. ಇವೆರಡನ್ನು ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ ಬರುತ್ತದೆ. ಮನೆಯ ಮೀಟರಿನಲ್ಲಿ ಓಡುವ ಯೂನಿಟ್ಟೇ ಇದು, ಬೇರೆ ಅಲ್ಲ. ನಮ್ಮ ಗಾಡಿಯಲ್ಲಿ 12 ವೋಲ್ಟ್ 100 ಎ.ಎಚ್.ನ ನಾಲ್ಕು ಬ್ಯಾಟರಿ ಸಾಲಾಗಿ ಕೂಡಿಸಿದ್ದು, ಒಟ್ಟು 48 ವೋಲ್ಟ್. ಅಂದರೆ 4.8 ಯೂನಿಟ್.

ಆದರೆ 4.8 ಯೂನಿಟ್ ಇದೆ ಅಂತ ಅಷ್ಟನ್ನೂ ಬಳಿದು ತೆಗೆಯುವಂತಿಲ್ಲ. ಸೀಸ-ಆಸಿಡ್ಡಿನ ಬ್ಯಾಟರಿಯನ್ನು ಅರ್ಧಕ್ಕೆ ನಿಲ್ಲಿಸಿದರೆ ಬಾಳುತ್ತದೆ. ತಳ ಕಾಣಿಸಿದರೆ ಬೇಗ ಸಾಯುತ್ತದೆ. ಹಾಗಾಗಿ ನಮಗೆ ದಕ್ಕುವುದು 2.4 ಯೂನಿಟ್. ಡಾಂಬರು ರಸ್ತೆಯಲ್ಲಿ ಖಾಲಿ ಗಾಡಿ ಒಂದು ಯೂನಿಟ್‌ಗೆ 14 ಕಿ.ಮೀ. ಓಡುತ್ತದೆ. ಎರೆ ಹೊಲದ ಹಾದಿಯಲ್ಲಿ ಹೇರು ಹಾಕಿಕೊಂಡರೆ 8 ದಾಟುವುದಿಲ್ಲ. ಸರಾಸರಿ 10 ಹಿಡಿದರೆ ಒಂದು ಚಾರ್ಜಿಗೆ 24-25 ಕಿ.ಮೀ. ಹೊಲಕ್ಕೆ ಮೂರು ಸಲ ಹೋಗಿ ಬರುವಷ್ಟು. ನಮಗೆ ಸಾಕು.

ಬೇರೆಯವರ ಗಾಡಿಯ ಲೆಕ್ಕವನ್ನೂ ಹೀಗೇ ಹಾಕಬಹುದು. ಬೆಂಗಳೂರಿನಲ್ಲಿ ಚೇತನ್ ಮೈನಿಯವರು ತಂದ ರೇವಾ ಕಾರು 2001ರಲ್ಲಿ ಮಾರಾಟಕ್ಕೆ ಬಂತು. ಅದರ ಸೀಟಿನಡಿ 6 ವೋಲ್ಟಿನ 8 ಸೀಸದ ಬ್ಯಾಟರಿ ಇದ್ದವು. ಅದೂ 48 ವೋಲ್ಟೇ, 200 ಎ.ಎಚ್. ಅಂದರೆ 9.6 ಯೂನಿಟ್. ಒಂದು ಚಾರ್ಜಿಗೆ 80 ಕಿ.ಮೀ. ಎಂದು ಕಂಪನಿ ಹೇಳುತ್ತಿತ್ತು. ಯೂನಿಟ್‌ಗೆ 8 ಕಿ.ಮೀ.ಗಿಂತ ಚೂರು ಹೆಚ್ಚು. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಹಾಕಿ ಪೂರ್ತಿ ತುಂಬಲು 8 ತಾಸು. ಇದು ಓದು ಬಲ್ಲ ಇಂಜಿನಿಯರುಗಳು ವರ್ಷಗಟ್ಟಲೆ ಕೂತು ಮಾಡಿದ ಕಾರು.

ಈಗ 2021ರಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿ ನೋಡ್ರಿ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಒಬ್ಬ ರೈತ ಲಾಕ್‌ಡೌನ್ ಹೊತ್ತಿನಲ್ಲಿ ಮನೆಯಲ್ಲೇ ಸೋಲಾರ್ ಕಾರು ಕಟ್ಟಿದರು. 850 ವ್ಯಾಟ್ ಮೋಟರು, 54 ವೋಲ್ಟ್ 100 ಎ.ಎಚ್. ಬ್ಯಾಟರಿ. ಪೂರ್ತಿ ಚಾರ್ಜಿಗೆ 300 ಕಿ.ಮೀ. ಎಂದು ಬರೆದಿದ್ದರು. ಕಟ್ಟಿದ ಆ ಕೈಗೆ ಶಹಬ್ಬಾಸ್ ಅನ್ನಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 5.4 ಯೂನಿಟ್‌ನಲ್ಲಿ 300 ಕಿ.ಮೀ. ಅಂದರೆ ಯೂನಿಟ್‌ಗೆ 55 ಕಿ.ಮೀ. ರೇವಾದ ಆರು ಪಟ್ಟಿಗೂ ಹೆಚ್ಚು. ದಾರಿಯಲ್ಲಿ ಬಿಸಿಲಿನಿಂದ ಬಂದದ್ದನ್ನೂ ಸೇರಿಸಿ ಹೇಳಿದರೋ ಏನೋ. ಇಂಥ ಅಂಕಿಯನ್ನು ನಂಬಿ ನಮ್ಮ ಗಾಡಿಗೆ ಬ್ಯಾಟರಿ ಅಳತೆ ಮಾಡಿದರೆ ನಡುದಾರಿಯಲ್ಲಿ ಎತ್ತು ಕಟ್ಟಿ ಎಳೆಸಬೇಕಾಗುತ್ತದೆ.

ಕರೆಂಟ್ ಅಗ್ಗ, ಬ್ಯಾಟರಿ ತುಟ್ಟಿ

ಗಾಡಿ ಕಟ್ಟುವವರು ಎಲ್ಲರೂ ಹೇಳುವ ಮಾತು ಒಂದೇ. 'ಪೆಟ್ರೋಲ್ ಇಲ್ಲ, ಡೀಸೆಲ್ ಇಲ್ಲ, ಖರ್ಚೇ ಇಲ್ಲ.' ನಮ್ಮ ನೋಟ್‌ಬುಕ್ಕು ಬೇರೆ ಹೇಳುತ್ತದೆ.

ಬ್ಯಾಟರಿಗೆ 2.4 ಯೂನಿಟ್ ವಾಪಸ್ ತುಂಬಲು ಮೀಟರಿನಲ್ಲಿ 3.3 ಯೂನಿಟ್ ಓಡುತ್ತದೆ. ಉಳಿದದ್ದು ಚಾರ್ಜರಿನ ಬಿಸಿಗೆ, ಬ್ಯಾಟರಿಯ ಬಿಸಿಗೆ ಹೋಯಿತು. ಯೂನಿಟ್‌ಗೆ 6 ರೂ. ಹಿಡಿದರೆ 20 ರೂ. ಆಯಿತು. ಅಂದರೆ ಕಿ.ಮೀ.ಗೆ 80 ಪೈಸೆ.

ಇನ್ನು ಬ್ಯಾಟರಿ. ನಾವು ಒಂದಕ್ಕೆ 12,000 ರೂ.ನಂತೆ 48,000 ರೂ. ಕೊಟ್ಟಿದ್ದೇವೆ. ಅರ್ಧಕ್ಕೆ ನಿಲ್ಲಿಸಿ, ನೀರು ನೋಡಿಕೊಂಡು ನಡೆಸಿದರೆ 600 ಸಲ ಚಾರ್ಜ್ ತಡೆಯುತ್ತದೆ ಎಂದಿಟ್ಟುಕೊಳ್ಳಿ. 600 ಸಲಕ್ಕೆ 15,000 ಕಿ.ಮೀ. ಕಿ.ಮೀ.ಗೆ 3 ರೂ. 20 ಪೈಸೆ. ಕರೆಂಟಿನ ನಾಲ್ಕು ಪಟ್ಟು! ಅದೇ ಬ್ಯಾಟರಿಯನ್ನು ಹಾಳುಗೆಡವಿ 150 ಸಲಕ್ಕೆ ಮುಗಿಸಿದರೆ ಕಿ.ಮೀ.ಗೆ 12 ರೂ. 80 ಪೈಸೆ. ಅದಕ್ಕಿಂತ ಬಾಡಿಗೆ ಟಂಟಂ ವಾಸಿ. ಅಲ್ಲಿಗೆ ಬ್ಯಾಟರಿ ಗಾಡಿಯ ಡೀಸೆಲ್ ಅಂದರೆ ಕರೆಂಟ್ ಅಲ್ಲ, ಬ್ಯಾಟರಿ ಸವೆಯುವುದೇ ಅದರ ಡೀಸೆಲ್. ಅದನ್ನು ಉಳಿಸುವುದು ಬಿಡುವುದು ಚಾರ್ಜ್ ಮಾಡುವ ರೀತಿಯ ಮೇಲಿದೆ.

ನಮ್ಮ ಗಾಡಿಯ ಮೊದಲ ಸೆಟ್ 11 ತಿಂಗಳಿಗೆ ಕೂತಿತು. ಅಳಿಯ ನಾಲ್ಕನ್ನೂ ಬಿಡಿಸಿ ಒಂದೊಂದಾಗಿ ವೋಲ್ಟ್ ನೋಡಿದ. ಮೂರು ಬ್ಯಾಟರಿ 12.4ರ ಆಸುಪಾಸು, ಒಂದು ಮಾತ್ರ 10.6. ಆ ಒಂದರಿಂದಲೇ ಹಾರ್ನು, ಲೈಟು, ಮೊಬೈಲ್ ಚಾರ್ಜಿಗೆ ವೈರು ಹೋಗಿತ್ತು. 12 ವೋಲ್ಟ್ ಸುಲಭಕ್ಕೆ ಸಿಗುತ್ತದಲ್ಲ, ಅದಕ್ಕೆ ಮನೆಯಲ್ಲಿ ಕಟ್ಟಿದ ಗಾಡಿಗಳಲ್ಲಿ ಹೀಗೆ ಮಾಡುವುದುಂಟು. ನಾಲ್ಕು ಎತ್ತು ಹೂಡಿ ಒಂದಕ್ಕೆ ಮಾತ್ರ ರಾತ್ರಿಯೂ ಗಾಣ ಕಟ್ಟಿದಂಗ ಆತು. ಅದು ದಿನವೂ ಉಳಿದವಕ್ಕಿಂತ ಹೆಚ್ಚು ಖಾಲಿ ಆಗುತ್ತದೆ, ಚಾರ್ಜರು ನಾಲ್ಕಕ್ಕೂ ಸಮ ತುಂಬುತ್ತದೆ, ಅದೊಂದು ಎಂದೂ ಪೂರ್ತಿ ತುಂಬುವುದಿಲ್ಲ. ಸಾಲಿನಲ್ಲಿ ಒಂದು ಸತ್ತರೆ ಉಳಿದ ಮೂರನ್ನೂ ಎಳೆದುಕೊಂಡು ಹೋಗುತ್ತದೆ. 48 ವೋಲ್ಟನ್ನು 12 ಮಾಡಿ ಕೊಡುವ ಸಣ್ಣ ಕನ್ವರ್ಟರ್ ಸಿಗುತ್ತದೆ. ಲೈಟಿನ ವೈರನ್ನು ಅದರಿಂದಲೇ ತೆಗೆಯಿರಿ. ಈಗಿನ ಎರಡನೇ ಸೆಟ್ ಮೂರನೇ ವರ್ಷದಲ್ಲಿ ನಡೆದಿದೆ.

ಹಳೆಯದರ ಜೊತೆ ಹೊಸ ಬ್ಯಾಟರಿ ಕೂಡಿಸುವುದೂ ಇದೇ ತರ. ಸತ್ತ ಒಂದನ್ನು ತೆಗೆದು ಹೊಸದೊಂದು ಹಾಕಿದರೆ ದುಡ್ಡು ಉಳಿಯಿತು ಅನಿಸುತ್ತದೆ, ಆರು ತಿಂಗಳಿಗೆ ಹೊಸದೂ ಹಳೆಯದರ ದಾರಿ ಹಿಡಿಯುತ್ತದೆ. ಒಂದೇ ಕಂಪನಿ, ಒಂದೇ ತಿಂಗಳ ಮಾಲು, ನಾಲ್ಕೂ ಒಟ್ಟಿಗೆ.

ಟ್ರ್ಯಾಕ್ಟರ್ ಬ್ಯಾಟರಿ ಬೇಡ

ಮನೆಯಲ್ಲಿ ಟ್ರ್ಯಾಕ್ಟರಿನದೋ ಜೀಪಿನದೋ ಬ್ಯಾಟರಿ ಬಿದ್ದಿರುತ್ತದೆ, ಅದನ್ನೇ ಹಾಕೋಣ ಅನ್ನುವವರಿದ್ದಾರೆ. ಆ ಬ್ಯಾಟರಿ ಇರುವುದು ಇಂಜಿನ್ ಚಾಲೂ ಮಾಡುವ ಎರಡು ಸೆಕೆಂಡಿನ ಜಗ್ಗಾಟಕ್ಕೆ. ಒಳಗಿನ ಪ್ಲೇಟು ತೆಳ್ಳಗೆ, ಬಹಳ. ದಿನವೂ ಅರ್ಧ ಖಾಲಿ ಮಾಡಿ ತುಂಬಿದರೆ ಪ್ಲೇಟಿನ ಮಾಲು ಉದುರಿ ತಳಕ್ಕೆ ಕೂರುತ್ತದೆ. ಗಾಡಿಗೆ ಬೇಕಾದದ್ದು ದಪ್ಪ ಪ್ಲೇಟಿನ ಟ್ಯೂಬುಲರ್, ಇ-ರಿಕ್ಷಾಕ್ಕೆ ಹಾಕುವಂಥದ್ದು. ಇನ್ವರ್ಟರಿನ ಎತ್ತರದ ಟ್ಯೂಬುಲರ್ ಕೂಡ ಓಡಿಸುತ್ತದೆ, ಆದರೆ ಹೊಲದ ಹಾದಿಯ ಕುಲುಕಾಟಕ್ಕೆ ಅದನ್ನು ಮಾಡಿಲ್ಲ.

ಲಿಥಿಯಂ ಬ್ಯಾಟರಿ ಈಗ ಬಂದಿದೆ. ಅದರಲ್ಲಿ ಕಬ್ಬಿಣ-ಫಾಸ್ಫೇಟ್ ಜಾತಿಯದು, ಅಂಗಡಿಯವರು ಎಲ್.ಎಫ್.ಪಿ. ಅನ್ನುವುದು, ನಮ್ಮ ಬಿಸಿಲಿಗೆ ಒಳ್ಳೆಯದು. ತೂಕ ಅರ್ಧಕ್ಕೂ ಕಡಿಮೆ, ನೀರು ಹಾಕುವುದಿಲ್ಲ, ಮುಕ್ಕಾಲು ಭಾಗ ಖಾಲಿ ಮಾಡಿದರೂ ಸಾವಿರಕ್ಕೂ ಹೆಚ್ಚು ಸಲ ತುಂಬಬಹುದು. ದುಡ್ಡು ಮೊದಲೇ ಹೆಚ್ಚು ಹೋಗುತ್ತದೆ. ಕೈಯಲ್ಲಿ ದುಡ್ಡಿದ್ದವರಿಗೆ ಕಿ.ಮೀ. ಲೆಕ್ಕದಲ್ಲಿ ಅದೇ ಅಗ್ಗ ಬೀಳಬಹುದು. ನೆನಪಿಡಬೇಕಾದ್ದು ಎರಡು. ಒಂದು, ಅದಕ್ಕೆ ಅದರದೇ ಚಾರ್ಜರು. 16 ಸೆಲ್ಲಿನ ಎಲ್.ಎಫ್.ಪಿ.ಗೆ 58.4 ವೋಲ್ಟಿಗೆ ನಿಲ್ಲುವಂಥದ್ದು ಬೇಕು. ಸೀಸದ ಬ್ಯಾಟರಿಯ ಹಳೇ ಚಾರ್ಜರು ಹಾಕಬಾರದು. ಎರಡು, ಒಳಗೆ ಬಿ.ಎಂ.ಎಸ್. ಎಂಬ ಕಾವಲು ಕಾಯುವ ಪಟ್ಟಿ ಇರಲೇಬೇಕು. ಒಂದೊಂದು ಸೆಲ್ಲನ್ನೂ ನೋಡಿಕೊಂಡು ಹೆಚ್ಚಾದಾಗ, ಕಡಿಮೆ ಆದಾಗ ಕಡಿದು ಹಾಕುವುದು ಅದು. ಗುಜರಿಯಿಂದ ಲ್ಯಾಪ್‌ಟಾಪಿನ ಸೆಲ್ಲು ಆರಿಸಿ ತಂದು ತಾವೇ ಬೆಸುಗೆ ಹಾಕಿ ಕಟ್ಟುವುದನ್ನು ವಿಡಿಯೋದಲ್ಲಿ ತೋರಿಸುತ್ತಾರೆ. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ಕಂಪನಿಯ ಸ್ಕೂಟರುಗಳೇ ಹೊತ್ತಿ ಉರಿದವು. ಅದಾದ ಮೇಲೆ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿತು. ಹುಲ್ಲಿನ ಬಣವೆ ಪಕ್ಕದಲ್ಲೇ ಗಾಡಿ ನಿಲ್ಲಿಸುವ ನಾವು ಗುಜರಿ ಸೆಲ್ಲಿನ ಆಟ ಆಡಬಾರದು.

ಹಟ್ಟಿ ಗಣಿಯ ದೀಪದ ನೇಮ

ಹಟ್ಟಿಯವರಿಗೆ ಬ್ಯಾಟರಿ ಚಾರ್ಜ್ ಮಾಡುವುದು ಹೊಸ ವಿದ್ಯೆ ಅಲ್ಲ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಶುರುವಾದ ನಮ್ಮ ಚಿನ್ನದ ಗಣಿಯಲ್ಲಿ ಕೆಳಗಿಳಿಯುವ ಪ್ರತಿ ಕಾರ್ಮಿಕನ ತಲೆಯ ಮೇಲೆ ದೀಪ. ಹಿಂದೆ ಅದರ ಬ್ಯಾಟರಿ ಸೊಂಟಕ್ಕೆ ಕಟ್ಟಿಕೊಳ್ಳುವ ಸೀಸದ ಡಬ್ಬಿ, ಅಲ್ಲಿಂದ ಹೆಲ್ಮೆಟ್ಟಿಗೆ ವೈರು. ಪಾಳಿ ಮುಗಿಸಿ ಮೇಲೆ ಬಂದವನು ದೀಪವನ್ನು ಲ್ಯಾಂಪ್ ರೂಮಿಗೆ ಕೊಟ್ಟೇ ಹೋಗಬೇಕು. ಅಲ್ಲಿ ಅದು ಚಾರ್ಜಿಗೆ ಕೂತುಬಿಡುತ್ತದೆ.

ಗಣಿಯಲ್ಲಿ ದುಡಿದು ನಿವೃತ್ತರಾದ ನಮ್ಮ ಓಣಿಯ ಹಿರಿಯರನ್ನು ಅಳಿಯ ಒಮ್ಮೆ ಕೇಳಿದ, 'ಕಾಕಾ, ಅರ್ಧ ತಾಸು ಅಷ್ಟೇ ಉರಿಸಿದ ದೀಪಾನೂ ಚಾರ್ಜಿಗೆ ಹಾಕ್ತಿದ್ರೇನು?' ಅಂತ. ಅವರು ಅಂದರು, 'ಎಷ್ಟು ಉರೀತು ಅಂತ ಯಾರು ಕೇಳ್ತಾರೋ ತಮ್ಮಾ. ಮ್ಯಾಲೆ ಬಂತು ಅಂದ್ರ ಚಾರ್ಜಿಗೆ. ನಾಳಿ ಕೊಟ್ಟರಾತು ಅನ್ನಂಗಿಲ್ಲ. ಕೆಳಗ ದೀಪ ಆರಿದ್ರ ಏನ್ ಮಾಡ್ತಿ?'

ಸೀಸದ ಬ್ಯಾಟರಿಗೆ ಇದಕ್ಕಿಂತ ದೊಡ್ಡ ಸೂತ್ರ ಇಲ್ಲ. ಖಾಲಿ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಬಿಳಿ ಹರಳು ಕಟ್ಟುತ್ತದೆ. ಒಂದೆರಡು ದಿನದ ಹರಳು ಮೆತ್ತಗಿದ್ದು ಚಾರ್ಜಿಗೆ ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಅಷ್ಟು ಜಾಗ ಸತ್ತಂತೆ. ನಮ್ಮಂಥ ಮಳೆ ಬೇಸಾಯದವರಿಗೆ ಇದು ಹೆಚ್ಚು ತಾಗುತ್ತದೆ. ಕಡಲೆ ಕಿತ್ತು, ಕಡೆಯ ಹತ್ತಿ ಬಿಡಿಸಿ ಆದ ಮೇಲೆ ಫೆಬ್ರವರಿಯಿಂದ ಮೇ ತನಕ ಗಾಡಿಗೆ ಕೆಲಸವೇ ಇರುವುದಿಲ್ಲ. ದುಡಿಯಲು ಗುಳೆ ಹೋದವರ ಮನೆಯಲ್ಲಂತೂ ಗಾಡಿ ನಾಲ್ಕು ತಿಂಗಳು ಮೂಲೆಯಲ್ಲಿ ನಿಲ್ಲುತ್ತದೆ. ಸುಮ್ಮನೆ ನಿಂತ ಬ್ಯಾಟರಿಯೂ ತಾನಾಗಿ ಇಳಿಯುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ ಇಳಿಯುತ್ತದೆ. ಆ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ತುಂಬಿಸಿ. ಊರು ಬಿಡುವವರು ಪಕ್ಕದ ಮನೆಯವರಿಗೆ ಎತ್ತು ನೋಡಿಕೊಳ್ಳಿ ಅಂತ ಹೇಳುವಂತೆ ಬ್ಯಾಟರಿಯನ್ನೂ ಒಪ್ಪಿಸಿ ಹೋಗಬೇಕು.

ತುಂಬುವ ಬಗೆ

ಎ.ಎಚ್.ನ ಹತ್ತನೇ ಒಂದು ಭಾಗದಷ್ಟು ಆಂಪಿಯರಿನಲ್ಲಿ ತುಂಬುವುದು ಸೀಸದ ಬ್ಯಾಟರಿಗೆ ಹಿತ. 100 ಎ.ಎಚ್.ಗೆ 10 ಆಂಪಿಯರ್. ಅರ್ಧ ಖಾಲಿಯಾದದ್ದಕ್ಕೆ ಐದು ತಾಸು ಸಾಕಲ್ಲ ಅನಿಸುತ್ತದೆ, ಆದರೆ ಚೀಲಕ್ಕೆ ಶೇಂಗಾ ತುಂಬಿದಂತೆ ಇದು. ಮೊದಲು ಗಬಗಬ ಬೀಳುತ್ತದೆ, ಕಡೆಗೆ ಅಲುಗಾಡಿಸಿ ಅಲುಗಾಡಿಸಿ ಒತ್ತಬೇಕು. ಕಡೆಯ ಐದನೇ ಒಂದು ಪಾಲಿಗೆ ಇನ್ನೂ ಮೂರು ತಾಸು ಬೇಕು. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಗಿನ ಆರು. ನಡುವೆ ಕರೆಂಟ್ ಹೋದರೆ ಪ್ರತಿ ಸಲ ಕೊರತೆ ಬೀಳುವುದು ಆ ಕಡೆಯ ಪಾಲಿಗೇ. ಗಾಡಿ ಓಡುತ್ತದೆ, ಹಾಗಾಗಿ ಕೊರತೆ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆಯಾದರೂ ಅಮಾವಾಸ್ಯೆಗೋ ಸಂತೆಗೋ ಗಾಡಿ ನಿಲ್ಲಿಸಿದ ದಿನ ಇಡೀ ತುಂಬಿಸಿ.

ನೀರು ತುಂಬುವ ಸೀಸದ ಬ್ಯಾಟರಿಗೆ ಚಾರ್ಜಿನ ಕೊನೆಯಲ್ಲಿ ಒಂದೊಂದಕ್ಕೆ 14.4 ವೋಲ್ಟ್, ನಾಲ್ಕಕ್ಕೆ 57.6 ಬರಬೇಕು. ಚಾರ್ಜರು ತೆಗೆದು ನಾಲ್ಕು ತಾಸು ಬಿಟ್ಟು ನೋಡಿದರೆ 12.7 ಇದ್ದರೆ ಪೂರ್ತಿ ತುಂಬಿದೆ. 12.2 ಅಂದರೆ ಅರ್ಧ. 11.8 ಅಂದರೆ ಖಾಲಿ, ಇನ್ನು ಓಡಿಸಬಾರದು. ಇನ್ನೂರು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಒಂದು ಮನೆಯಲ್ಲಿರಲಿ. ಇನ್ನೂ ಸರಿಯಾಗಿ ನೋಡಬೇಕೆಂದರೆ ಹೈಡ್ರೋಮೀಟರಿನಿಂದ ಒಂದೊಂದು ಸೆಲ್ಲಿನ ಆಸಿಡ್ ಎಳೆದು ಗ್ರಾವಿಟಿ ನೋಡುವುದು. ತುಂಬಿದ್ದು 1240ರಿಂದ 1260ರ ಒಳಗೆ ಬರುತ್ತದೆ. ಆರರಲ್ಲಿ ಐದು 1250 ತೋರಿಸಿ ಒಂದು 1180 ತೋರಿಸಿದರೆ ರೋಗ ಅಲ್ಲೇ ಇದೆ. ಗ್ಯಾರಂಟಿ ಇದ್ದಾಗಲೇ ಅಂಗಡಿಗೆ ಒಯ್ಯಿರಿ. ನಮ್ಮ ಮೊದಲ ಸೆಟ್ಟಿನದಕ್ಕೆ ಅಂಗಡಿಯವನು 'ಗಾಡಿಗೆ ಹಾಕೀರಿ, ಗ್ಯಾರಂಟಿ ನಡೆಯಂಗಿಲ್ಲ' ಅಂತ ವಾಪಸ್ ಕಳಿಸಿದ. ಬ್ಯಾಟರಿ ಕೊಳ್ಳುವಾಗ ಯಾತಕ್ಕೆ ಅಂತ ಹೇಳಿ, ಬಿಲ್ಲಿನಲ್ಲಿ ಬರೆಸಿಕೊಂಡರೆ ಈ ತಂಟೆ ಇರುವುದಿಲ್ಲ.

ನೀರಿನ ವಿಚಾರ. ಡಿಸ್ಟಿಲ್ಡ್ ವಾಟರೇ ಆಗಬೇಕು. ನಮ್ಮ ಬೋರಿನ ಸವುಳು ನೀರು ಪಾತ್ರೆಯಲ್ಲೇ ಬಿಳಿ ಕಟ್ಟುತ್ತದೆ, ಇನ್ನು ಬ್ಯಾಟರಿಯಲ್ಲಿ ಏನು ಮಾಡೀತು? ಶುದ್ಧ ಕುಡಿಯುವ ನೀರಿನ ಘಟಕದ ನೀರಿನಲ್ಲೂ ಉಪ್ಪಿನಂಶ ಉಳಿದಿರುತ್ತದೆ, ಅದೂ ಬೇಡ. ಪ್ಲೇಟು ಕಾಣುತ್ತಿದ್ದರೆ ಮಾತ್ರ ಚಾರ್ಜಿಗೆ ಮೊದಲು ಮುಳುಗುವಷ್ಟು ಹಾಕಿ, ಉಳಿದದ್ದು ಚಾರ್ಜ್ ಆದ ಮೇಲೆ. ಮೊದಲೇ ಗುರುತಿನ ತನಕ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಬರುತ್ತದೆ. ಬ್ಯಾಟರಿ ಇಳಿದಿದೆ ಅಂತ ಆಸಿಡ್ ಹಾಕಿಸುವವರಿದ್ದಾರೆ. ಬೇಡವೇ ಬೇಡ. ಆವಿಯಾಗಿ ಹೋಗುವುದು ನೀರು, ಆಸಿಡ್ ಅಲ್ಲ.

ಕರೆಂಟ್ ಎಲ್ಲಿಂದ?

ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕರೆಂಟ್ ಹುಟ್ಟುತ್ತಿದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವಂತೆ ಹೊಲದ ಮನೆಯ ಬಲ್ಬು ಸಂಜೆ ಕೆಂಪಗೆ ಉರಿಯುವುದನ್ನು ನಾವು ನೋಡುತ್ತಲೇ ಬಂದಿದ್ದೇವೆ.

ಊರೊಳಗಿನ ಮನೆಯವರಿಗೆ ತೊಂದರೆ ಕಡಿಮೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು, ಪಂಪ್‌ಸೆಟ್ ಲೈನು ಬೇರೆ ಮಾಡಿದ ಕಡೆ ರಾತ್ರಿಯಿಡೀ ಸಿಂಗಲ್ ಫೇಸ್ ಇರುತ್ತದೆ. ಮನೆ ಮೀಟರಿನಲ್ಲೇ ಗಾಡಿ ಚಾರ್ಜ್ ಮಾಡಬಹುದು. ಒಂದು ಲೆಕ್ಕ ಮಾತ್ರ ನೋಡಿಕೊಳ್ಳಿ. 2023ರ ಆಗಸ್ಟಿನಿಂದ ಬಂದ ಗೃಹಜ್ಯೋತಿಯಲ್ಲಿ ನಮ್ಮ ಹಿಂದಿನ ಬಳಕೆಯ ಸರಾಸರಿ, ಅದರ ಮೇಲೆ ಸ್ವಲ್ಪ, ಅಷ್ಟು ಮಾತ್ರ ಪುಕ್ಕಟೆ. ಎಲ್ಲರಿಗೂ 200 ಯೂನಿಟ್ ಅಲ್ಲ. ಗಾಡಿಗೆ ತಿಂಗಳಿಗೆ 20 ಸಲ ಚಾರ್ಜ್ ಅಂದರೆ 66 ಯೂನಿಟ್. ಅದು ನಿಮ್ಮ ಪಾಲಿಗಿಂತ ಹೆಚ್ಚಾದದ್ದಕ್ಕೆ ಬಿಲ್ಲು ಬರುತ್ತದೆ. ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲು.

ಪಂಪ್‌ಸೆಟ್ ಲೈನಿಗೆ ಮಾತ್ರ ಗಾಡಿ ಹಾಕಬೇಡಿ. 10 ಎಚ್.ಪಿ. ತನಕ ಪುಕ್ಕಟೆ ಕೊಟ್ಟಿರುವುದು ನೀರೆತ್ತಲು. ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಲ್ಲಿ ದಂಡ ಹಾಕಬಹುದು. ಕಾನೂನು ಹಾಗಿರಲಿ, ಆ ಲೈನು ಬ್ಯಾಟರಿಗೂ ಒಳ್ಳೆಯದಲ್ಲ. ಹೊಲದ ಪಂಪ್ ಪೆಟ್ಟಿಗೆಗೆ ಸಾಮಾನ್ಯವಾಗಿ ಮೂರು ಫೇಸ್ ಬಂದಿರುತ್ತವೆ, ನ್ಯೂಟ್ರಲ್ ಇರುವುದಿಲ್ಲ. ಒಂದು ಫೇಸ್ ಹಿಡಿದು, ಇನ್ನೊಂದು ವೈರನ್ನು ನೆಲಕ್ಕೆ ಹುಗಿದ ಗೂಟಕ್ಕೆ ಕಟ್ಟಿ ಚಾರ್ಜ್ ಮಾಡುವವರಿದ್ದಾರೆ. ಮಣ್ಣು ಒಣಗಿದಾಗ ವೋಲ್ಟ್ ಸಿಗುವುದಿಲ್ಲ, ಹಸಿ ಇದ್ದಾಗ ಆ ಗೂಟದ ಸುತ್ತ ಎತ್ತು ಕಾಲಿಟ್ಟರೆ ಮುಗಿಯಿತು. ಎರಡು ಫೇಸ್ ನಡುವೆ ಕೊಟ್ಟರೆ 400 ವೋಲ್ಟ್ ಮೇಲೆ ಬಂದು ಚಾರ್ಜರು ಸುಟ್ಟು ಹೊಗೆ ಏಳುತ್ತದೆ.

ವೋಲ್ಟ್ ಇಳಿಯುವ ಕಡೆ ಹಳೇ ತರದ ಟ್ರಾನ್ಸ್‌ಫಾರ್ಮರ್ ಚಾರ್ಜರು ಬೇಡ. ಮನೆಗೆ 230ರ ಬದಲು 170 ವೋಲ್ಟ್ ಬಂದರೆ ಅದು ಬ್ಯಾಟರಿಗೂ ಅದೇ ಪಾಲಿನಲ್ಲಿ ಕಡಿಮೆ ಕೊಡುತ್ತದೆ. ರಾತ್ರಿಯೆಲ್ಲ ದೀಪ ಮಿಣುಕುತ್ತದೆ, ಬ್ಯಾಟರಿ ತುಂಬಿರುವುದಿಲ್ಲ. ಈಗಿನ ಹಗುರ ಚಾರ್ಜರುಗಳು ಕಡಿಮೆ ವೋಲ್ಟಿನಲ್ಲೂ ಸರಿಯಾಗಿ ಕೊಡುತ್ತವೆ, ಆದರೆ ಆಗ ಲೈನಿನಿಂದ ಹೆಚ್ಚು ಆಂಪಿಯರ್ ಎಳೆಯುತ್ತವೆ. ಅದಕ್ಕೆ ಚಾರ್ಜರಿಗೆ ಮೀಟರ್ ಹಲಗೆಯಿಂದಲೇ ಬೇರೆ 2.5 ಅಳತೆಯ ತಾಮ್ರದ ವೈರು, 15 ಆಂಪಿಯರ್ ಪ್ಲಗ್ಗು, ಎಂ.ಸಿ.ಬಿ., ಸರಿಯಾದ ಅರ್ಥಿಂಗ್ ಇರಲಿ. ಟಿ.ವಿ.ಯ ಎಕ್ಸ್‌ಟೆನ್ಶನ್ ಬಾಕ್ಸಿಗೆ ಚುಚ್ಚಿ ಎಂಟು ತಾಸು ಬಿಟ್ಟರೆ ಮೊದಲು ಕರಗುವುದು ಆ ಬಾಕ್ಸೇ.

ಬಿಸಿಲಿನ ಪಾಲು

ಬಿಸಿಲಿಗೆ ನಮ್ಮಲ್ಲಿ ಬರ ಇಲ್ಲ. ಕೋಲಾರ ಕಡೆಯ ಸೈಯದ್ ಸಜ್ಜನ್ ಅಹ್ಮದ್ ಎಂಬವರು, ಹಣ್ಣಿನ ಅಂಗಡಿ ಇಟ್ಟು ಆಮೇಲೆ ರೇಡಿಯೋ, ಟಿ.ವಿ. ರಿಪೇರಿ ಮಾಡಿಕೊಂಡಿದ್ದವರು, 2015ರಲ್ಲಿ ತಮ್ಮ 63ನೇ ವಯಸ್ಸಿಗೆ ತಾವೇ ಕಟ್ಟಿದ ಸೋಲಾರ್ ಕಾರಿನಲ್ಲಿ ಬೆಂಗಳೂರಿನಿಂದ ದೆಹಲಿಗೆ ಸುಮಾರು 3000 ಕಿ.ಮೀ. ಹೋದರು. ಐ.ಐ.ಟಿ.ಯಲ್ಲಿ ನಡೆದ ವಿಜ್ಞಾನ ಉತ್ಸವಕ್ಕೆ. ಕಾರಿನ ಮೇಲೆ 100 ವ್ಯಾಟಿನ ಐದು ಪ್ಯಾನೆಲ್, ಕೆಳಗೆ 12 ವೋಲ್ಟ್ 100 ಎ.ಎಚ್.ನ ಆರು ಬ್ಯಾಟರಿ. ಇದಕ್ಕಿಂತ ದೊಡ್ಡ ಧೈರ್ಯ ಬೇಕೇ?

ಅವರ ಕಾರಿನ ಅಂಕಿಯಿಂದ ನಾವು ಕಲಿಯುವುದಿದೆ. ನಮ್ಮ ಬಿಸಿಲಿನಲ್ಲಿ 1000 ವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ ಎಂದು ಹಿಡಿಯಬಹುದು. ಮೋಡದ ದಿನ ಅದರಲ್ಲಿ ಅರ್ಧವೂ ಬರುವುದಿಲ್ಲ. ಐದು ಪ್ಯಾನೆಲಿನ 500 ವ್ಯಾಟಿಗೆ 2 ಯೂನಿಟ್. ಆರು ಬ್ಯಾಟರಿಯ ಹೊಟ್ಟೆ 7.2 ಯೂನಿಟ್. ಖಾಲಿಯಾದದ್ದನ್ನು ಬರೀ ಬಿಸಿಲಿನಿಂದ ತುಂಬಲು ಮೂರು ದಿನ ದಾಟುತ್ತದೆ. ಗಾಡಿಯ ಮೇಲಿನ ಪ್ಯಾನೆಲ್ ದಾರಿಯ ಬುತ್ತಿ, ಮನೆಯ ಕಣಜ ಅಲ್ಲ. ಅದೂ ಅಲ್ಲದೆ ಹೊಲದಲ್ಲಿ ನಾವು ಗಾಡಿ ನಿಲ್ಲಿಸುವುದು ಬೇವಿನ ಮರದಡಿ. ಪ್ಯಾನೆಲ್ ಮೇಲೆ ಒಂದು ಟೊಂಗೆಯ ನೆರಳು ಬಿದ್ದರೂ ಇಡೀ ಸಾಲು ಬಡಕಲಾಗುತ್ತದೆ.

ಹಾಗಾಗಿ ಪ್ಯಾನೆಲ್ಲು ಮನೆಯ ಮಾಳಿಗೆ ಮೇಲೆ ಇರಲಿ, ದಕ್ಷಿಣಕ್ಕೆ ಮುಖ ಮಾಡಿ ಸುಮಾರು 16 ಡಿಗ್ರಿ ಓರೆಯಾಗಿ. ನಮ್ಮ ಗಾಡಿಗೆ ದಿನಕ್ಕೆ 3 ಯೂನಿಟ್ ಬೇಕಾದ್ದರಿಂದ 800 ವ್ಯಾಟ್ ಸಾಕಾಗುತ್ತದೆ. 48 ವೋಲ್ಟ್ ಬ್ಯಾಟರಿಗೆ 57.6 ವೋಲ್ಟ್ ತಳ್ಳಬೇಕಾದರೆ ಪ್ಯಾನೆಲಿನಿಂದ ಅದಕ್ಕಿಂತ ಹೆಚ್ಚು ಬರಬೇಕಲ್ಲ. ಪ್ಯಾನೆಲಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ವಿ.ಎಂ.ಪಿ. ಅಂತ ಒಂದು ಅಂಕಿ ಇರುತ್ತದೆ. ಸಾಲಾಗಿ ಕೂಡಿಸಿದ ಪ್ಯಾನೆಲುಗಳದ್ದು ಒಟ್ಟು 70 ದಾಟಬೇಕು. ಯಾಕಂದರೆ ಏಪ್ರಿಲ್-ಮೇ ಬಿಸಿಲಿಗೆ ಪ್ಯಾನೆಲ್ ಕಾದು ವೋಲ್ಟ್ ಇಳಿಯುತ್ತದೆ. 31 ವೋಲ್ಟಿನ ಎರಡು ಕೂಡಿಸಿದರೆ ಚಳಿಗಾಲದಲ್ಲಿ ಹೇಗೋ ನಡೆದು ಬೇಸಿಗೆಯಲ್ಲಿ ಕೈ ಕೊಡುತ್ತದೆ. ನಡುವೆ ಎಂ.ಪಿ.ಪಿ.ಟಿ. ಕಂಟ್ರೋಲರ್ ಬೇಕೇ ಬೇಕು, ನೇರ ಕೊಟ್ಟರೆ ಬ್ಯಾಟರಿ ಕುದಿಯುತ್ತದೆ. ಧೂಳಿನ ದಿನಗಳಲ್ಲಿ ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಒರೆಸಿ.

ಸೋಲಾರ್ ಪಂಪ್‌ಸೆಟ್ ಇದ್ದವರು ಅದರ ಪ್ಯಾನೆಲಿನಿಂದ ವೈರು ಎಳೆಯುವ ಯೋಚನೆ ಮಾಡುತ್ತಾರೆ. ಅಲ್ಲಿ ಹತ್ತಾರು ಪ್ಯಾನೆಲ್ ಸಾಲಾಗಿ ಕೂಡಿ ನೂರಾರು ವೋಲ್ಟ್ ಡಿ.ಸಿ. ಬರುತ್ತಿರುತ್ತದೆ. ಹಿಡಿದರೆ ಬಿಡದ ಕರೆಂಟ್ ಅದು. ಕುಸುಮ್ ಯೋಜನೆಯ ನಿಯಮದಲ್ಲಿ ಪಂಪಿನ ಜೊತೆ ಬೇರೆ ಯಂತ್ರಗಳನ್ನೂ ನಡೆಸುವ ಯೂನಿವರ್ಸಲ್ ಕಂಟ್ರೋಲರ್ ಹಾಕಿಸಿಕೊಳ್ಳಲು ಅವಕಾಶ ಇದೆ. ಹೊಸದಾಗಿ ಅರ್ಜಿ ಹಾಕುವವರು ಅದನ್ನು ಕೇಳಿ ನೋಡಬಹುದು.

ಗಾಡಿಯ ಗಾಲಿಗೆ ಡೈನಮೋ ಕಟ್ಟಿದರೆ ಓಡುತ್ತಲೇ ಚಾರ್ಜ್ ಆಗುತ್ತದೆ, ಕರೆಂಟೇ ಬೇಡ ಅನ್ನುವ ವಿಡಿಯೋಗಳಿಗೆ ಲಕ್ಷಗಟ್ಟಲೆ ಜನ ನೋಡಿದ್ದಾರೆ. ಎತ್ತು ಬಂಡಿ ಎಳೆಯುತ್ತಲೇ ತನ್ನ ಮೇವನ್ನೂ ಬೆಳೆದುಕೊಳ್ಳಲಿ ಅಂದಂತೆ ಇದು. ಡೈನಮೋ ತಿರುಗಿಸುವ ಭಾರ ಬೀಳುವುದು ಅದೇ ಬ್ಯಾಟರಿಯ ಮೇಲೆ. ಹಾಕಿದ್ದಕ್ಕಿಂತ ಕಡಿಮೆಯೇ ವಾಪಸ್ ಬರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವಾಗ ಸ್ವಲ್ಪ ಮರಳಿ ತುಂಬುವ ಕಂಟ್ರೋಲರುಗಳಿವೆ, ಅದು ನಿಜ. ನಮ್ಮ ಬಯಲು ಸೀಮೆಯಲ್ಲಿ ಇಳಿಜಾರೇ ಎಲ್ಲಿದೆ? ಪೆಟ್ರೋಲ್ ಜನರೇಟರಿನ ಮಾತಂತೂ ಬೇಡ. ಒಂದು ಲೀಟರಿಗೆ ಎರಡು ಯೂನಿಟ್ ಬಂದರೆ ಹೆಚ್ಚು. ಆ ಪೆಟ್ರೋಲನ್ನು ಮೋಟರ್ ಸೈಕಲ್ಲಿಗೇ ಹಾಕಬಹುದು.

ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದು ಒಯ್ಯುವ ಏರ್ಪಾಡು ಪಟ್ಟಣಗಳಲ್ಲಿ ಶುರುವಾಗಿದೆ. ರೇವಾದ ಚೇತನ್ ಮೈನಿಯವರೇ 2017ರಲ್ಲಿ ಇನ್ನೊಬ್ಬರ ಜೊತೆ ಸನ್ ಮೊಬಿಲಿಟಿ ಅಂತ ಅದಕ್ಕೇ ಕಂಪನಿ ಕಟ್ಟಿದರು. ನಮ್ಮ ಸೀಸದ ನಾಲ್ಕು ಬ್ಯಾಟರಿ ಕೂಡಿದರೆ ಒಂದು ಕ್ವಿಂಟಲ್ ದಾಟುತ್ತದೆ, ಅದನ್ನು ದಿನಾ ಯಾರು ಎತ್ತಿ ಇಳಿಸುವುದು? ಹಗುರದ ಬ್ಯಾಟರಿ ಅಗ್ಗವಾದ ಮೇಲೆ ಸಂಘದ ಮಟ್ಟದಲ್ಲಿ ಯೋಚಿಸಬಹುದು.

ಚಾರ್ಜ್ ಮಾಡುವ ಜಾಗ

ಸೀಸದ ಬ್ಯಾಟರಿ ತುಂಬುವ ಕೊನೆಯಲ್ಲಿ ಗುಳುಗುಳು ಅನ್ನುತ್ತದಲ್ಲ, ಅದು ಜಲಜನಕದ ಗಾಳಿ. ಕಿಡಿ ಸೋಕಿದರೆ ಢಮ್ ಅನ್ನುತ್ತದೆ. ನಮ್ಮ ಪಕ್ಕದೂರಲ್ಲಿ ಹೊಟ್ಟಿನ ಕೋಣೆಯ ಬಾಗಿಲು ಮುಚ್ಚಿ ಚಾರ್ಜಿಗೆ ಹಾಕಿದ್ದ ಒಬ್ಬರು ಬೆಳಗ್ಗೆ ಒಳಗೆ ಹೋಗಿ ಬೀಡಿ ಹಚ್ಚಿದರು. ಬ್ಯಾಟರಿಯ ಮುಚ್ಚಳ ಹಾರಿ ಆಸಿಡ್ ಮುಖಕ್ಕೆ ಬಿತ್ತು. ಕೊಡ ನೀರು ಹತ್ತಿರವೇ ಇತ್ತು, ಕಣ್ಣು ಉಳಿಯಿತು. ಪಡಸಾಲೆಯಂಥ ಗಾಳಿ ಆಡುವ ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಚಾರ್ಜ್ ಮಾಡಿ. ಮೊದಲು ಬ್ಯಾಟರಿಗೆ ಕ್ಲಿಪ್ ಹಾಕಿ ಆಮೇಲೆ ಸ್ವಿಚ್ ಒತ್ತಿ. ತೆಗೆಯುವಾಗ ಮೊದಲು ಸ್ವಿಚ್. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಡಬ್ಬಿ ಅಡುಗೆ ಸೋಡಾ ಇರಲಿ. ಆಸಿಡ್ ಚೆಲ್ಲಿದ ನೆಲಕ್ಕೆ ಸೋಡಾ ಎರಚಬಹುದು. ಮೈಗೆ ಬಿದ್ದರೆ ನೀರೇ ಮದ್ದು, ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಬಿಡುತ್ತಾ ದವಾಖಾನೆಗೆ. ಬ್ಯಾಟರಿ ಸಾಲಿನಿಂದ ಹೊರಡುವ ಮೊದಲ ವೈರಿಗೇ ಫ್ಯೂಸ್ ಹಾಕಿ. 48 ವೋಲ್ಟು ಶಾಕ್ ಹೊಡೆಯಲಿಕ್ಕಿಲ್ಲ, ಆದರೆ ಪಾನಾ ಅಡ್ಡ ಬಿದ್ದರೆ ಕಬ್ಬಿಣವನ್ನೇ ಕರಗಿಸುತ್ತದೆ.

ಬೇಸಿಗೆಯಲ್ಲಿ ಹೊಲದಿಂದ ಬಂದ ಕೂಡಲೇ ಬ್ಯಾಟರಿ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಎರಡು ತಾಸು ಆರಲು ಬಿಟ್ಟು ಆಮೇಲೆ ಹಾಕಿ. ಬಿಸಿ ಹತ್ತು ಡಿಗ್ರಿ ಏರಿದರೆ ಬಾಳಿಕೆ ಹೆಚ್ಚೂಕಡಿಮೆ ಅರ್ಧಕ್ಕೆ ಬರುತ್ತದೆ.

ರಸ್ತೆಯ ಬಗ್ಗೆ ಒಂದು ಮಾತು. ಮನೆಯಲ್ಲಿ ಕಟ್ಟಿದ ಗಾಡಿಗೆ ಆರ್.ಟಿ.ಓ. ನೋಂದಣಿ ಸುಲಭಕ್ಕೆ ಆಗುವುದಿಲ್ಲ, ನೋಂದಣಿ ಇಲ್ಲದೆ ವಿಮೆ ಇಲ್ಲ. 250 ವ್ಯಾಟಿನ ಒಳಗಿನ, 25 ಕಿ.ಮೀ. ವೇಗ ದಾಟದ ದ್ವಿಚಕ್ರಕ್ಕೆ ಇರುವ ವಿನಾಯಿತಿ ನಮ್ಮ ನಾಲ್ಕು ಗಾಲಿಗೆ ಇಲ್ಲ. ಹೊಲದ ಹಾದಿಯಲ್ಲಿ ಎಷ್ಟಾದರೂ ಓಡಿಸಿ. ಲಿಂಗಸುಗೂರು ರಸ್ತೆಗೆ ಹೆಣ್ಣಾಳು ಕೂರಿಸಿಕೊಂಡು ಹೋಗಿ ಏನಾದರೂ ಆದರೆ ಪರಿಹಾರ ಕಟ್ಟಲು ಹೊಲವೇ ಮಾರಬೇಕಾದೀತು. ನಮ್ಮ ಗಾಡಿ ಡಾಂಬರು ಮುಟ್ಟುವುದು ಊರಗಡಿ ದಾಟುವ ಅರ್ಧ ಫರ್ಲಾಂಗು ಮಾತ್ರ, ಅದೂ ಆಳುಗಳನ್ನು ಇಳಿಸಿ.

ಕಡೆಗೆ ಸತ್ತ ಬ್ಯಾಟರಿ. ತೂಕದ ಲೆಕ್ಕದಲ್ಲಿ ಅದಕ್ಕೆ ದುಡ್ಡು ಬರುತ್ತದೆ. ಹೊಸದು ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ಕೊಟ್ಟು ಬಿಲ್ಲಿನಲ್ಲಿ ಮುರಿಸಿಕೊಳ್ಳಿ. 2022ರ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಿಸಿದ ಕಂಪನಿಯದು. ಹಿತ್ತಲಲ್ಲಿ ಒಡೆದು ಆಸಿಡ್ ಚೆಲ್ಲಿ ಸೀಸ ಕಾಯಿಸುವವರಿಗೆ ಕೊಡಬೇಡಿ. ಆ ಮಣ್ಣಿನ ಹುಲ್ಲು ತಿಂದ ದನ ಉಳಿಯುವುದಿಲ್ಲ.